ಬೆಳ್ಳುಳ್ಳಿ ಕಷಾಯ, ಬೈಪಾಸ್ ಮತ್ತು ಯಾರದೋ ರಕ್ತ

ನನಗೆ ಹೃದಯಾಘಾತವಾದದ್ದು ಕಾಪುವಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ. ಏಳನೆಯ ತರಗತಿಯ ಉತ್ತರಪತ್ರಿಕೆಗಳ ಮೇಲೆ ವಾಂತಿ ಮಾಡಿಕೊಂಡೆ. ಬೆಳಿಗ್ಗೆ ತಿಂದ ಅವಲಕ್ಕಿ, ಕುಡಿದ ಕಾಫಿ ಎಲ್ಲವೂ ಮೇಜಿನಿಂದ ನೆಲಕ್ಕೆ ಇಳಿಯುತ್ತಿತ್ತು. ಎದೆ ಅಷ್ಟೇನೂ ನೋಯುತ್ತಿರಲಿಲ್ಲ. ದವಡೆ ಬಿಗಿದುಕೊಂಡಿತ್ತು, ಬೆವರಿಗೆ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು. ಆ ಹೊತ್ತಿನಲ್ಲಿ ಸಾವಿನ ಯೋಚನೆ ನನಗೆ ಬರಲೇ ಇಲ್ಲ. ಇಷ್ಟು ಜನರ ಮುಂದೆ ಹೀಗೆ ಮಾಡಿಕೊಂಡೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆ ಹೇಸಿಗೆ ಮುಂದೆ ಬಹಳ ಕಾಲ ನನ್ನನ್ನು ಬಿಡಲಿಲ್ಲ. ಈ ಕಾಯಿಲೆಯಿಂದ ಎದ್ದುಬಂದವರು ಧೈರ್ಯದ ಬಗ್ಗೆ ಹೇಳುತ್ತಾರೆ, ದೇವರ ದಯೆಯ ಬಗ್ಗೆ ಹೇಳುತ್ತಾರೆ. ಹೇಸಿಗೆಯ ಬಗ್ಗೆ ಹೇಳಿದವರನ್ನು ನಾನು ಕಂಡಿಲ್ಲ. ಈಗ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ, ತನ್ನ ಮೈಯ ವಾಸನೆಗೆ ತಾನೇ ಮುಖ ತಿರುಗಿಸುತ್ತಿರುವ ಯಾರಾದರೂ ಒಬ್ಬರು ಇದನ್ನು ಓದಿ, ‘ಓ, ನನಗೊಬ್ಬಳಿಗೇ ಹೀಗಲ್ಲ’ ಎಂದುಕೊಂಡರೆ ಬರೆದದ್ದು ಸಾರ್ಥಕ.

“ಗ್ಯಾಸ್ಟ್ರಿಕ್ ಅದು, ಸೋಡಾ ಕುಡಿಯಿರಿ ಟೀಚರ್, ಸರಿಯಾಗ್ತದೆ,” ಎಂದರು ನಮ್ಮ ಹೆಡ್‌ಮಾಸ್ಟರು, ಬಾಗಿಲಿನ ಆಚೆಯೇ ನಿಂತು ಮೂಗಿಗೆ ಕರವಸ್ತ್ರ ಹಿಡಿದುಕೊಂಡು. ಸೋಡಾ ತರಿಸಿದರು. ನಾನು ಕುಡಿದೆ. ಅದೂ ಹೊರಗೆ ಬಂತು.

“ಎಂತ ಗ್ಯಾಸ್ಟ್ರಿಕ್ ಮಾರಾಯ್ರೆ, ಅವರ ಮುಖದ ಬಣ್ಣ ನೋಡಿ ಒಮ್ಮೆ!” ಎಂದು ಕೂಗಿದವಳು ನಮ್ಮ ಪಿ.ಟಿ. ಟೀಚರ್ ಐರಿನ್. ವಾಂತಿಯನ್ನು ತುಳಿದುಕೊಂಡೇ ಒಳಗೆ ಬಂದಳು, ನನ್ನನ್ನು ಎಬ್ಬಿಸಿ ತನ್ನ ಕಾರಿನಲ್ಲಿ ಕೂರಿಸಿಕೊಂಡು ಉಡುಪಿಗೆ ಓಡಿಸಿದಳು. ಇಸಿಜಿ ತೆಗೆದವರು ನನ್ನ ರವಿಕೆಯನ್ನು ಕತ್ತರಿಯಿಂದ ಕತ್ತರಿಸಿದರು. ಸ್ವಲ್ಪ ಹೊತ್ತಿಗೆ ನಾನು ಆಂಬ್ಯುಲೆನ್ಸಿನಲ್ಲಿದ್ದೆ. ಮಣಿಪಾಲದ ಆಸ್ಪತ್ರೆಯಲ್ಲಿ ಔಷಧ ಕೊಟ್ಟು ನೋವನ್ನು ಹತೋಟಿಗೆ ತಂದರು, ಮರುದಿನ ಮಣಿಕಟ್ಟಿನಿಂದ ತಂತಿ ತೂರಿಸಿ ಆಂಜಿಯೋಗ್ರಾಂ ಮಾಡಿದರು.

ನಮ್ಮ ಮನೆ ಕಾರ್ಕಳದ ಪಕ್ಕ ಕುಕ್ಕುಂದೂರಿನಲ್ಲಿ. ನನ್ನ ಗಂಡ ಶ್ರೀಧರ ಕಾರ್ಕಳದ ಒಂದು ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತಾರೆ. ಮೆತ್ತಗಿನ ಮನುಷ್ಯ, ಯಾರ ಮಾತಿಗೂ ಎದುರಾಡುವವರಲ್ಲ, ಅದರಲ್ಲೂ ಅವರ ಅಣ್ಣನ ಮಾತಿಗೆ. ಅಣ್ಣ ಎಂದರೆ ನನ್ನ ಭಾವ. ಅವರಿರುವುದು ಪೆರ್ಡೂರಿನಲ್ಲಿ, ಪೌರೋಹಿತ್ಯ ಅವರ ವೃತ್ತಿ. ನಮ್ಮ ಮನೆಯಲ್ಲಿ ಮಗಳ ಜಾತಕ ಕೊಡುವುದಿರಲಿ, ಬಾವಿ ತೋಡಿಸುವುದಿರಲಿ, ಕೊನೆಯ ಮಾತು ಭಾವನದ್ದು. ಹಾಗಾಗಿ ಆಂಜಿಯೋಗ್ರಾಂ ಆದಮೇಲೆ ಡಾಕ್ಟರು ಮನೆಯವರನ್ನು ಕರೆದಾಗ ಎದುರಿನ ಕುರ್ಚಿಯಲ್ಲಿ ಕುಳಿತವರು ಭಾವ. ನಮ್ಮವರು ಹಿಂದೆ ನಿಂತಿದ್ದರು. ನಾನು ಅರ್ಧ ತೆರೆದ ಬಾಗಿಲಿನ ಹೊರಗೆ ಸ್ಟ್ರೆಚರಿನಲ್ಲಿ ಮಲಗಿದ್ದೆ. ನನ್ನ ಎದೆಯ ಬಗ್ಗೆ ನನ್ನ ಭಾವ ಕೇಳಿದ ಮೊದಲ ಪ್ರಶ್ನೆ ನನ್ನ ಕಿವಿಗೆ ಬಿತ್ತು.

“ಕೊಯ್ಯದೆ ಆಗುವಂಥದ್ದು ಎಂತ ಉಂಟು?”

ಡಾಕ್ಟರಲ್ಲಿ ತಪ್ಪು ಹುಡುಕಲಾರೆ. ಸಂಜೆ ಅವರೇ ನನ್ನ ಹಾಸಿಗೆಯ ಬಳಿ ಬಂದು, ಸ್ಟೂಲ್ ಎಳೆದು ಕುಳಿತು, ಎಲ್ಲವನ್ನೂ ಮತ್ತೆ ಹೇಳಿದರು.

“ಮೂರು ರಕ್ತನಾಳಗಳಲ್ಲಿ ಬ್ಲಾಕ್ ಉಂಟು ಟೀಚರ್. ದಾರಿಯೂ ಮೂರು. ಒಂದು, ಬರೀ ಮಾತ್ರೆ. ಅದರಿಂದ ಸಾಲುವುದಿಲ್ಲ. ಎರಡನೆಯದು ಸ್ಟೆಂಟ್, ಅದಕ್ಕೆ ಎದೆ ತೆರೆಯಬೇಕಾಗಿಲ್ಲ, ಬೇಗ ಮನೆಗೆ ಹೋಗಬಹುದು. ಆದರೆ ನಿಮಗೆ ಶುಗರ್ ಉಂಟು, ಬ್ಲಾಕ್ ಉದ್ದ ಉಂಟು, ಒಂದು ಬುಡದ ಹತ್ತಿರವೇ ಉಂಟು. ತುಂಬ ಸ್ಟೆಂಟ್ ಬೇಕಾಗ್ತದೆ, ಮತ್ತೆ ಕಟ್ಟಿಕೊಳ್ಳುವ ಸಾಧ್ಯತೆಯೂ ಹೆಚ್ಚು. ಮೂರನೆಯದು ಬೈಪಾಸ್. ಎದೆ ತೆರೆಯಬೇಕು, ಕಾಲಿನಿಂದ ನಾಳ ತೆಗೆಯಬೇಕು. ನೋವು ಉಂಟು, ಅಪಾಯವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೂ ನಾವೆಲ್ಲ ಕೂತು ನೋಡಿದ್ದೇವೆ, ನಿಮಗೆ ಅದೇ ಒಳ್ಳೆಯದು ಅಂತ ನಮ್ಮ ಅಭಿಪ್ರಾಯ.”

“ಇವತ್ತೇ ಹೇಳಬೇಕಾ?”

“ಬೇಡ. ಹೃದಯ ಸ್ವಲ್ಪ ಸುಧಾರಿಸಲಿ. ಮಾತ್ರೆ ಮಾತ್ರ ಒಂದೂ ತಪ್ಪಬಾರದು. ಮನೆಗೆ ಹೋಗಿ, ಆಲೋಚನೆ ಮಾಡಿ, ಕೊಟ್ಟ ದಿನಕ್ಕೆ ಬನ್ನಿ.”

ಮನೆಗೆ ಹೋದೆ. ಆಲೋಚನೆ ಮಾಡಲು ಬಿಟ್ಟರೆ ತಾನೇ! ದಿನವೂ ಜನ. ಎಲ್ಲರೂ ಕಿತ್ತಳೆ, ದಾಳಿಂಬೆ ತರುತ್ತಿದ್ದರು, ನನ್ನ ಮಂಚದ ಪಕ್ಕ ಕುಳಿತು ಅದನ್ನು ತಾವೇ ಸುಲಿದು ತಿನ್ನುತ್ತ, ಬೈಪಾಸ್ ಮೇಜಿನ ಮೇಲೆಯೇ ತೀರಿಹೋದ ಯಾರೋ ಒಬ್ಬರ ಕಥೆ ಹೇಳುತ್ತಿದ್ದರು. ದೂರದ ಸಂಬಂಧದ ಹೆಂಗಸೊಬ್ಬಳು ಬಾಯಿಯಿಂದ ಬೀಜ ತೆಗೆದು ನನ್ನ ಬೆಡ್‌ಶೀಟಿನ ಅಂಚಿನಲ್ಲಿ ಸಾಲಾಗಿ ಇಡುತ್ತ, “ಗಂಡಸರಿಗಾದರೆ ಎದೆಯ ಗಾಯ ತೊಂದರೆ ಇಲ್ಲ. ಹೆಂಗಸರಿಗೆ ಅಲ್ಲಿ ಕೊಯ್ದರೆ ನೋಡ್ಲಿಕ್ಕೆ ಎಂತ ಚಂದ?” ಎಂದಳು. ನನಗೆ ಐವತ್ತಾರು ವರ್ಷ. ಚಂದ ಯಾರಿಗೆ ತೋರಿಸಬೇಕಿತ್ತೋ ಗೊತ್ತಿಲ್ಲ. ಅವಳು ಎದ್ದುಹೋದ ಮೇಲೆ ಮಗಳು ಅನಘಾ ಬೆಡ್‌ಶೀಟ್ ಎಳೆದು ಒಗೆಯಲು ಹಾಕಿದಳು.

ಭಾವ ಬಂದದ್ದು ಬೆಳ್ಳುಳ್ಳಿ ಹಿಡಿದುಕೊಂಡು.

ನಮ್ಮಂಥ ವೈದಿಕರ ಮನೆಗಳ ಸಂಗತಿ ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು. ನಾನು ಮದುವೆಯಾಗಿ ಬಂದಂದಿನಿಂದ ಈ ಅಡುಗೆಮನೆಗೆ ಬೆಳ್ಳುಳ್ಳಿ ಬಂದದ್ದಿಲ್ಲ. ಅನಘಾ ಒಮ್ಮೆ ಹೊರಗಿನಿಂದ ತಂದ ಬೆಳ್ಳುಳ್ಳಿ ಹಾಕಿದ ಬ್ರೆಡ್ಡಿನ ವಾಸನೆಗೆ ಭಾವ ಆ ದಿನ ನಮ್ಮಲ್ಲಿ ಊಟ ಮಾಡದೆ ಎದ್ದುಹೋಗಿದ್ದರು. ಅದೇ ಭಾವ ಈಗ ದೊಡ್ಡ ಬಾಟಲಿಯಲ್ಲಿ ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ವಿನೆಗರ್ ಬೆರೆಸಿ ಕುದಿಸಿದ ಮಂದವಾದ ಕಂದು ದ್ರವ ತಂದಿದ್ದರು. ಜೊತೆಗೆ ಅದನ್ನು ತಯಾರಿಸುವ ಮನುಷ್ಯನೂ ಬಂದಿದ್ದ. ಬಾಯಿ ತುಂಬ ಎಲೆಯಡಿಕೆ, ಕತ್ತಿನಲ್ಲಿ ಸ್ಫಟಿಕದ ಮಾಲೆ. ಕೇಳದೆಯೇ ನನ್ನ ಕೈ ಹಿಡಿದು ನಾಡಿ ನೋಡಿದ.

“ಹೃದಯ ಅಂದ್ರೆ ಎಂತ ಅಕ್ಕ? ಪೈಪ್. ಪೈಪಿನಲ್ಲಿ ಕೊಳೆ ಕೂತಿದೆ. ತೊಳೆದರೆ ಆಯ್ತು, ಕೊಯ್ಯುವುದು ಯಾಕೆ?” ಎಂದ. ಮಾತಾಡುವಾಗ ಕೆಂಪು ಎಂಜಲಿನ ಹನಿ ನನ್ನ ಮುಂಗೈ ಮೇಲೆ ಬಿತ್ತು. ಆಮೇಲೆ ಎಷ್ಟು ಸಲ ಸೋಪು ಹಾಕಿ ತೊಳೆದೆನೋ!

“ಬೆಳ್ಳುಳ್ಳಿ ಅಲ್ವಾ ಭಾವ?” ಎಂದೆ ನಾನು.

“ಔಷಧಕ್ಕೆ ದೋಷ ಇಲ್ಲ,” ಎಂದರು ಭಾವ. “ಮೂರು ತಿಂಗಳು ಕುಡಿ. ಆ ಡಾಕ್ಟರರೇ ಬೆರಗಾಗಬೇಕು.”

ನಮ್ಮವರು ತಲೆಯಾಡಿಸಿದರು. ಆ ತಲೆಯಾಡಿಕೆಯನ್ನು ನೋಡಿ ನನಗೆ ಕಷಾಯದ ವಾಸನೆಗಿಂತ ಹೆಚ್ಚು ವಾಕರಿಕೆ ಬಂತು.

ಕುಡಿದೆ. ಎದುರಾಡುವ ಶಕ್ತಿ ಇರಲಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಆ ಹುಳಿ, ಆ ಘಾಟು! ತೇಗಿದರೆ ಬೆಳ್ಳುಳ್ಳಿ, ಬೆವರಿದರೆ ಬೆಳ್ಳುಳ್ಳಿ. ತಲೆದಿಂಬಿಗೂ ಅದೇ ವಾಸನೆ ಹತ್ತಿತು. ನನ್ನ ಮೈ ನನ್ನದಲ್ಲ, ಯಾರೋ ಉಪ್ಪಿನಕಾಯಿ ಹಾಕಿಟ್ಟ ಭರಣಿ ಎನ್ನಿಸುತ್ತಿತ್ತು. ಆದರೂ ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದೇನಲ್ಲ ಎಂಬ ಸಮಾಧಾನವಿತ್ತು. ಮಾತ್ರೆಗಳು ರಾಶಿ ಇದ್ದವು. ನಮ್ಮವರು ಹೊತ್ತು ಹೊತ್ತಿಗೆ ಅಂಗೈಯಲ್ಲಿ ಹಾಕಿ ಕೊಡುತ್ತಿದ್ದರು, ನಾನು ಕಣ್ಣು ಮುಚ್ಚಿ ನುಂಗುತ್ತಿದ್ದೆ.

ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಮೈಗೆ ನೀರು ಹಾಕಿಕೊಳ್ಳುತ್ತಿದ್ದಾಗ ದವಡೆ ಮತ್ತೆ ಬಿಗಿಯಿತು. ಈ ಸಲ ಎದೆಯೂ ಬಿಡಲಿಲ್ಲ, ಕಲ್ಲು ಹೇರಿದ ಹಾಗೆ ಒತ್ತಿತು. ಚೊಂಬು ಬಿದ್ದ ಸದ್ದಿಗೆ ಅನಘಾ ಓಡಿ ಬಂದಳು. ಒದ್ದೆ ಮೈಗೆ ಸೀರೆ ಸುತ್ತಿ ನನ್ನನ್ನು ಮತ್ತೆ ಮಣಿಪಾಲಕ್ಕೆ ಕೊಂಡುಹೋದರು.

“ಮಾತ್ರೆ ಎಲ್ಲ ಸರಿಯಾಗಿ ತಗೊಳ್ತಿದ್ರಾ?” ಎಂದು ತುರ್ತು ವಿಭಾಗದ ಡಾಕ್ಟರು ಕೇಳಿದರು.

“ಹೌದು,” ಎಂದೆ ನಾನು.

ನಮ್ಮವರು ಗೋಡೆ ನೋಡಿದರು. “ರಕ್ತ ತೆಳು ಮಾಡುವುದು… ಅದೆರಡು… ಕೊಡಲಿಲ್ಲ,” ಎಂದರು. “ಕಷಾಯದ ಜೊತೆ ಅದು ಉಷ್ಣ ಆಗ್ತದೆ, ನಿಲ್ಲಿಸು ಅಂತ ಅಣ್ಣ ಹೇಳಿದರು.”

ಡಾಕ್ಟರು ಏನು ಬೈದರೋ ನನಗೆ ಕೇಳಿಸಲಿಲ್ಲ. ಮದುವೆಯಾಗಿ ಅಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿದ ಈ ಮನುಷ್ಯ, ತನ್ನ ಅಂಗೈಯಿಂದ ನನ್ನ ಅಂಗೈಗೆ ಮಾತ್ರೆ ಹಾಕುವಾಗ ಪ್ರತಿ ಸಲವೂ ಎರಡನ್ನು ತೆಗೆದಿಟ್ಟಿದ್ದರು! ಕೋಪವಾದರೂ ಬಂದಿದ್ದರೆ ಚೆನ್ನಾಗಿತ್ತು. ಬಂದದ್ದು ಕೋಪವಲ್ಲ. ಊಟದ ನಡುವೆ ಅನ್ನದಲ್ಲಿ ಹುಳ ಕಂಡ ಹಾಗಾಯಿತು. ಅವರು ನನ್ನ ಹಣೆ ಒರೆಸಲು ಬಂದಾಗ ಮುಖ ಆಚೆ ತಿರುಗಿಸಿದೆ.

ನೋವು ನಿಂತು ಮಾತಾಡುವ ಹಾಗಾದ ಕೂಡಲೇ ಸರ್ಜನ್ನರನ್ನು ಕರೆಸಲು ಹೇಳಿದೆ. “ಬೈಪಾಸ್ ಮಾಡಿ. ಯಾರನ್ನೂ ಕೇಳುವುದು ಬೇಡ. ಎಲ್ಲಿ ಸಹಿ ಹಾಕಬೇಕು ಹೇಳಿ,” ಎಂದೆ.

“ಮನೆಯವರಿಗೂ ತಿಳಿಸ್ತೇವೆ,” ಎಂದರು ಅವರು.

“ತಿಳಿಸಿ. ಕೇಳಬೇಡಿ.”

ಹೆದರಿಕೆ ಇರಲಿಲ್ಲ ಎನ್ನಲಾರೆ. ಎಲುಬನ್ನು ಗರಗಸದಿಂದ ಸೀಳುತ್ತಾರೆ ಎಂಬುದು ನೆನಪಾದಾಗಲೆಲ್ಲ ಕಾಲಿನ ಬೆರಳು ಮಡಚಿಕೊಳ್ಳುತ್ತಿತ್ತು. ಆದರೆ ಆ ಬಾಟಲಿಗೆ, ಆ ಕೆಂಪು ಎಂಜಲಿಗೆ ಮತ್ತೆ ಮರಳುವುದಕ್ಕಿಂತ ಗರಗಸ ವಾಸಿ ಎನ್ನಿಸಿತ್ತು. ಹೇಸಿಗೆಯಿಂದ ನನಗಾದ ಒಂದೇ ಒಂದು ಉಪಕಾರ ಅದು.

ಆಪರೇಷನ್ನಿಗೆ ಮೊದಲು ರಕ್ತದ ವ್ಯವಸ್ಥೆ ಆಗಬೇಕಿತ್ತು. ಐರಿನ್ ಕಾಪುವಿನಿಂದ ನನ್ನ ಹಳೆಯ ವಿದ್ಯಾರ್ಥಿಗಳನ್ನು ಕರೆತಂದಳು. ಒಬ್ಬ ರಿಕ್ಷಾ ಓಡಿಸುವವನು, ಇಬ್ಬರು ದೋಣಿಯಲ್ಲಿ ಮೀನಿಗೆ ಹೋಗುವವರು, ಇನ್ನೊಬ್ಬನದ್ದು ಮೊಬೈಲ್ ಅಂಗಡಿ. “ಟೀಚರ್, ನೀವು ಹೊಡೆದದ್ದಕ್ಕೆ ಬಡ್ಡಿ ಸಮೇತ ವಾಪಸ್,” ಎಂದು ನಗಾಡಿ ಹೋದರು. ಅವರು ಹೋದ ಮೇಲೆ ಭಾವ ಸಿಸ್ಟರ್ ಬಳಿ ತಗ್ಗಿದ ದನಿಯಲ್ಲಿ ಕೇಳಿದರು.

“ಇವಳಿಗೆ ಇವರದ್ದೇ ರಕ್ತ ಹಾಕ್ತೀರಾ?”

“ಇಲ್ಲ. ಇವರದ್ದು ಬ್ಯಾಂಕಿಗೆ ಹೋಗ್ತದೆ. ಹೊಂದುವಂಥದ್ದು ಅಲ್ಲಿಂದ ಬರ್ತದೆ.”

“ಹಾಗಾದರೆ ಬರುವುದು ಯಾರದ್ದು ಅಂತ…”

“ಅದು ನಮಗೂ ಗೊತ್ತಿರುವುದಿಲ್ಲ.”

“ನಮ್ಮ ಪೈಕಿಯವರದ್ದೇ ಸಿಗುವ ಹಾಗೆ ಏನಾದರೂ…” ಎಂದು ಭಾವ ರಾಗ ಎಳೆದರು.

ಸಿಸ್ಟರ್ ಅವರನ್ನು ನೋಡಿದ ನೋಟ ನನಗೆ ಇವತ್ತಿಗೂ ನೆನಪಿದೆ. ಅವರಿಗೆ ಸೇರಿದವಳು ನಾನು ಎಂದು ಆಕೆ ತಿಳಿದಿದ್ದಾಳಲ್ಲ ಎಂದು ನನಗೆ ಮೈ ಮುದುಡಿತು.

“ಭಾವ,” ಎಂದೆ, “ನೀವು ಹೊರಗೆ ಹೋಗಿ.”

ಅವರಿಗೆ ಅರ್ಥವಾಗಲಿಲ್ಲ. “ಎಂತ?”

“ಹೊರಗೆ ಹೋಗಿ. ನಾನು ಬದುಕಿ ಬರುವವರೆಗೆ ಒಳಗೆ ಬರಬೇಡಿ. ಬದುಕದಿದ್ದರೆ ಆಮೇಲೆ ಹೇಗೂ ನಿಮ್ಮದೇ ಕೆಲಸ.”

ಅವರ ಮುಖ ಕಪ್ಪಿಟ್ಟಿತು. ಶಲ್ಯ ಸರಿಮಾಡಿಕೊಂಡು ಹೊರಟುಹೋದರು. ನಮ್ಮವರು ನೆಲ ನೋಡುತ್ತ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಅವರೂ ಕಾಣಲಿಲ್ಲ. ಅಣ್ಣನನ್ನು ಸಮಾಧಾನ ಮಾಡಲು ಹೋದರು ಎಂದುಕೊಂಡೆ.

ಆಪರೇಷನ್ ನನಗೆ ನೆನಪಿಲ್ಲ. ಎಚ್ಚರವಾದಾಗ ಗಂಟಲಲ್ಲಿ ಕೊಳವೆ, ಹೊಟ್ಟೆಯ ಮೇಲ್ಭಾಗದಿಂದ ಕೊಳವೆ, ಮೂತ್ರಕ್ಕೆ ಕೊಳವೆ. ಒಂದು ಡಬ್ಬಿಯಲ್ಲಿ ನನ್ನ ಎದೆಯೊಳಗಿನಿಂದ ಬಸಿದ ಕೆಂಪು ನೀರು ನಿಂತಿತ್ತು. ಎಡಗಾಲು ಪಾದದಿಂದ ತೊಡೆಯವರೆಗೆ ಕೊಯ್ದು ಹೊಲಿದಿದ್ದರು. ದಿನಗಳೆದಂತೆ ಹೊಲಿಗೆಯ ಒಂದು ಕಡೆಯಿಂದ ಹಳದಿ ನೀರು ಜಿನುಗತೊಡಗಿತು. ಅದರ ವಾಸನೆ ಹೊದಿಕೆ ಸರಿಸಿದಾಗಲೆಲ್ಲ ಮುಖಕ್ಕೆ ಹೊಡೆಯುತ್ತಿತ್ತು. ಬೆಡ್‌ಪ್ಯಾನ್ ಕೊಡುವ ಸಿಸ್ಟರಿಗೆ ನಾನು ಪ್ರತಿ ಸಲ “ಸಾರಿ, ಸಾರಿ” ಎನ್ನುತ್ತಿದ್ದೆ. “ಟೀಚರ್, ಇದು ಬಾರದಿದ್ದರೆ ನಮಗೆ ಟೆನ್ಶನ್. ಬಂದರೆ ಖುಷಿ,” ಎಂದಳು ಅವಳು ಒಮ್ಮೆ, ತನ್ನ ಮಲಯಾಳಿ ಕನ್ನಡದಲ್ಲಿ. ಅದರ ಮೇಲೆ ಸಾರಿ ಹೇಳುವುದನ್ನು ಬಿಟ್ಟೆ.

ಎಲ್ಲಕ್ಕಿಂತ ಕಷ್ಟವಾದದ್ದು ಕಫ. ಅರಿವಳಿಕೆಯ ನಂತರ ಶ್ವಾಸಕೋಶದಲ್ಲಿ ಕೂರುವ ಕಫವನ್ನು ಕೆಮ್ಮಿ ತೆಗೆಯಲೇಬೇಕು. ಕೆಮ್ಮಿದರೆ ಸೀಳಿದ ಎಲುಬು ಮತ್ತೆ ಸೀಳಿದ ಹಾಗೆ. ಎದೆಗೆ ದಿಂಬು ಅವುಚಿಕೊಂಡು ಕೆಮ್ಮಿ ಎಂದು ಹೇಳಿಕೊಟ್ಟಿದ್ದರು. ನನಗೆ ನೋವಿಗಿಂತ ಹೆಚ್ಚು ಅಡ್ಡಬಂದದ್ದು ನಾಚಿಕೆ. ಜನರೆದುರು ಕಫ ಉಗುಳುವುದೆಂದರೆ! ನುಂಗಿಬಿಡುತ್ತಿದ್ದೆ. ಜ್ವರ ಬಂತು.

ಪಕ್ಕದ ಹಾಸಿಗೆಯಲ್ಲಿ ಗದಗ ಕಡೆಯ ಯಲ್ಲವ್ವ ಎಂಬವಳಿದ್ದಳು. ಗಂಡ ಮಣಿಪಾಲದಲ್ಲಿ ಗಾರೆ ಕೆಲಸದವನು, ಅವಳದ್ದೂ ಹೃದಯದ ಆಪರೇಷನ್. ನನ್ನ ಅವಸ್ಥೆ ನೋಡಿ ಅವಳಿಗೆ ತಡೆಯಲಿಲ್ಲ.

“ಅಕ್ಕಾರ, ಅದನ್ಯಾಕ ಒಳಗ ಇಟ್ಕೊಂಡ್ ಕುಂತೀರಿ? ಉಗುಳ್ರಿ.”

“ಅಸಹ್ಯ ಆಗ್ತದೆ ಯಲ್ಲವ್ವ.”

“ಯಾರಿಗ್ರೀ? ಇಲ್ಲಿ ಯಾರ ಹತ್ರ ಅದ ಇಲ್ಲ ಹೇಳ್ರಿ! ನನ್ನ ನೋಡ್ರಿ ಇಲ್ಲೆ.”

ಹಾಗೆಂದವಳೇ ದಿಂಬು ತಬ್ಬಿಕೊಂಡು, ಇಡೀ ವಾರ್ಡ್ ತಿರುಗಿ ನೋಡುವ ಹಾಗೆ ಕ್ಯಾಕರಿಸಿ, ಕಫಕ್ಕೆಂದು ಕೊಟ್ಟಿದ್ದ ಪ್ಲಾಸ್ಟಿಕ್ ಕಪ್ಪಿಗೆ ಉಗುಳಿ, ಅದನ್ನು ನನ್ನ ಕಡೆ ವಾಲಿಸಿ ತೋರಿಸಿದಳು. ನನ್ನ ಹೊಟ್ಟೆ ತೊಳಸಿತು. ಆ ತೊಳಸುವಿಕೆಯಲ್ಲೇ ಕೆಮ್ಮು ಬಂತು, ಕೆಮ್ಮಿನ ಜೊತೆಗೆ ದಪ್ಪನೆಯ ಹಸಿರು ಉಂಡೆ ಬಂತು. “ಹಾಂ, ಭೇಷ್!” ಎಂದಳು ಯಲ್ಲವ್ವ. ಮುಂದೆ ನಾವಿಬ್ಬರೂ ಸರದಿಯಲ್ಲಿ ಕೆಮ್ಮಿದೆವು.

ನನ್ನ ಕಪ್ಪನ್ನು ಎತ್ತಿ ಚೆಲ್ಲುತ್ತಿದ್ದವರು ನಮ್ಮವರು. ಅವರೊಡನೆ ನಾನು ಮಾತು ಬಿಟ್ಟಿದ್ದೆ. ಅವರು ಕ್ಷಮೆ ಕೇಳಲಿಲ್ಲ, ಕಾರಣ ಹೇಳಲಿಲ್ಲ. ಬೆಳಿಗ್ಗೆ ಬರುವುದು, ಕಪ್ಪು ಎತ್ತಿ ಬೆಳಕಿಗೆ ಹಿಡಿದು ನೋಡುವುದು, ತೊಳೆದು ತರುವುದು. ಒಂದು ದಿನ ಹಾಗೆ ಹಿಡಿದು ನೋಡಿ, “ಇವತ್ತು ಹಸಿರು ಇಲ್ಲ, ಬಿಳಿಯೇ ಉಂಟು,” ಎಂದರು, ಯಾರಿಗೆಂದಿಲ್ಲದೆ. ಮಾತ್ರೆಗಳನ್ನು ಮಾತ್ರ ಈಗ ನಾನೇ ಎಣಿಸಿ ತೆಗೆದುಕೊಳ್ಳುತ್ತಿದ್ದೆ. ಅವರು ಅದನ್ನು ನೋಡುತ್ತಿದ್ದರು.

ಮನೆಗೆ ಬಂದೆವು. ಬಾಟಲಿಯಲ್ಲಿ ಉಳಿದಿದ್ದ ಕಷಾಯವನ್ನು ಅನಘಾ ಯಾವತ್ತೋ ಚರಂಡಿಗೆ ಸುರಿದಿದ್ದಳು. ಕಾಲಿನ ಗಾಯ ಇನ್ನೂ ಒಣಗಿರಲಿಲ್ಲ. ದಿನವೂ ತೊಳೆದು ಬಟ್ಟೆ ಕಟ್ಟಬೇಕು. ಅನಘಾ ಉಡುಪಿಗೆ ಕೆಲಸಕ್ಕೆ ಹೋಗುವುದರಿಂದ ಆ ಕೆಲಸ ನಮ್ಮವರ ಪಾಲಿಗೆ ಬಂತು. ಅವರು ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಹತ್ತಿಯಿಂದ ಒರೆಸುವಾಗ ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಆ ಹಳದಿಯನ್ನು ನನಗೇ ನೋಡಲಾಗುತ್ತಿರಲಿಲ್ಲ. ಅವರನ್ನು ಪೂರ್ತಿ ಕ್ಷಮಿಸಿದ್ದೇನೆಯೇ ಎಂದು ಕೇಳಿದರೆ ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ.

ಹೀಗೆ ಒಂದು ದಿನ ಬಟ್ಟೆ ಬದಲಿಸುತ್ತಿದ್ದಾಗ ಭಾವ ಬಂದರು. ನಾನು ಬದುಕಿ ಬಂದದ್ದರಿಂದ ಅವರಿಗೆ ಒಳಗೆ ಬರಲು ಅಡ್ಡಿಯಿರಲಿಲ್ಲ. ದೂರದ ಕುರ್ಚಿಯಲ್ಲಿ ಕುಳಿತು ಆರೋಗ್ಯ ವಿಚಾರಿಸಿದರು. ಸುತ್ತಿ ಬಳಸಿ ವಿಷಯಕ್ಕೆ ಬಂದರು.

“ಶ್ರೀಧರ, ಒಂದು ಸಣ್ಣ ಪುಣ್ಯಾಹ ಮಾಡಿಸುವುದು ಒಳ್ಳೆಯದು. ಇವಳ ಮೈಗೆ ಯಾರ್ಯಾರದ್ದೋ ರಕ್ತ ಹೋಗಿದೆ. ನೈವೇದ್ಯದ ಅಡುಗೆಗೆ ಕೈ ಹಾಕುವವಳು. ಶುದ್ಧ ಆಗಿಬಿಟ್ಟರೆ ಮನಸ್ಸಿಗೂ ಸಮಾಧಾನ, ಅಲ್ವಾ?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮವರು ಹತ್ತಿಯ ಉಂಡೆಯನ್ನು ಬೋಗುಣಿಗೆ ಹಾಕಿ, “ಮಾಡಿಸುವ, ಅಣ್ಣ,” ಎಂದರು.

ನನ್ನ ಕಾಲನ್ನು ಎಳೆದುಕೊಳ್ಳಬೇಕೆಂದುಕೊಂಡೆ. ಅವರು ಬಿಡಲಿಲ್ಲ. ತಲೆ ಎತ್ತದೆ, ಬಟ್ಟೆ ಸುತ್ತುತ್ತಲೇ ಮಾತು ಮುಂದುವರಿಸಿದರು.

“ಆದರೆ ರಕ್ತ ನಾನೂ ಕೊಟ್ಟಿದ್ದೇನೆ. ಆವತ್ತು ಇವಳು ನಿಮ್ಮನ್ನು ಹೊರಗೆ ಕಳಿಸಿದಳಲ್ಲ, ಆಗಲೇ ಕೆಳಗೆ ಹೋಗಿ ಕೊಟ್ಟು ಬಂದೆ. ನನ್ನದು ಯಾವ ಜಾತಿಯವರ ಮೈಗೆ ಹೋಗಿದೆಯೋ ಎಂತದೋ. ಪಾಪ, ಅವರಿಗೂ ಮೈಲಿಗೆ ಆಗಿರ್ತದೆ. ನೀವು ಅವರ ಮನೆ ಹುಡುಕಿ, ಮೊದಲು ಅಲ್ಲಿ ಒಂದು ಪುಣ್ಯಾಹ ಮಾಡಿಸಿ ಬನ್ನಿ. ಆಮೇಲೆ ಇಲ್ಲಿ ಮಾಡುವ.”

ಭಾವ ತಮ್ಮನ ಮುಖವನ್ನೇ ನೋಡಿದರು. ಅಲ್ಲಿ ಕೋಪವಾಗಲಿ ಕುಹಕವಾಗಲಿ ಕಾಣಲಿಲ್ಲ. ನಮ್ಮವರು ಬಟ್ಟೆಯ ತುದಿಯನ್ನು ಹಲ್ಲಿನಿಂದ ಸೀಳಿ ಗಂಟು ಹಾಕುತ್ತಿದ್ದರು. ಭಾವ ಎದ್ದರು, ಮೆಟ್ಟಿಲಿಳಿದರು, ಚಪ್ಪಲಿ ಹಾಕಿಕೊಳ್ಳುವ ಸದ್ದು ಕೇಳಿತು.

ನನಗೆ ನಗು ಬಂತು. ಎಷ್ಟು ತಿಂಗಳ ಮೇಲೆಯೋ! ಸೀಳಿ ತಂತಿಯಿಂದ ಬಿಗಿದ ಎಲುಬಿನ ಮೇಲೆ ನಗು ಎಂದರೆ ಕೆಮ್ಮಿಗಿಂತ ಕಡೆ. ಕಣ್ಣಲ್ಲಿ ನೀರು ಬಂತು, ನಿಲ್ಲಿಸಲಾಗಲಿಲ್ಲ. ದಿಂಬಿಗಾಗಿ ತಡಕಾಡಿದೆ.

“ನಗಬೇಡ ಮಾರಾಯ್ತಿ, ಹೊಲಿಗೆ ಬಿಡ್ತದೆ,” ಎಂದು ನಮ್ಮವರು ಗಾಬರಿಯಿಂದ ದಿಂಬು ತೆಗೆದು ನನ್ನ ಎದೆಗೆ ಒತ್ತಿ ಹಿಡಿದರು. ಅವರ ಕೈಗೆ ನನ್ನ ಕಾಲಿನ ಕೀವು ಅಂಟಿತ್ತು. ಕೈ ತೊಳೆದು ಬನ್ನಿ ಎಂದು ನಾನು ಹೇಳಲಿಲ್ಲ.